ಸೂಜಿಯತ್ತೆಯ ಒಂದು ಎಳೆ

ಆ ಊರಿನಲ್ಲಿ ಪುಕ್ಕಲರಿಗೆ ಬರಗಾಲವಿರಲಿಲ್ಲ, ಆದರೂ ಸೂಜಿಯತ್ತೆಯಷ್ಟು ಪುಕ್ಕಲು ಜೀವ ಇನ್ನೊಂದಿರಲಿಲ್ಲ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು ವಾಪಸು ಬಂದು ಬೀಗ ಎಳೆದು ನೋಡುವಳು. ಮತ್ತೆ ಹತ್ತು ಹೆಜ್ಜೆ, ಮತ್ತೆ ವಾಪಸು. ಬೀದಿಯ ಹೆಂಗಸರು ಆಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ಐವತ್ತೆಂಟು ವರ್ಷ ಅವಳು ಜೀವ ಉಳಿಸಿಕೊಂಡಿದ್ದೇ ಆ ಹೆದರಿಕೆಯಿಂದ.

ಅವಳ ಕೆಲಸ ರಫು ಮಾಡುವುದು. ಹರಿದ ಬಟ್ಟೆಯ ಹಾಸು ಹೊಕ್ಕುಗಳನ್ನು ಸೂಜಿಯಲ್ಲಿ ಒಂದೊಂದೇ ಎಳೆಯಾಗಿ ಮತ್ತೆ ನೇಯ್ದು, ಹರಿದೇ ಇರಲಿಲ್ಲ ಅನ್ನುವ ಹಾಗೆ ಮಾಡಿ ಕೊಡುವುದು. ಹೊರಗಿನ ನೂಲು ತರುವ ಹಾಗಿಲ್ಲ. ಅದೇ ಬಟ್ಟೆಯ ಅಂಚಿನ ಮಡಿಕೆ ಬಿಚ್ಚಿ, ಅಲ್ಲಿಂದಲೇ ಎಳೆ ಹಿರಿದು, ಅದರಿಂದಲೇ ತೂತು ಮುಚ್ಚಬೇಕು. ಬೆಟ್ಟದ ಬುಡದಲ್ಲಿದ್ದ ಉದ್ದನೆಯ ಕೊಠಡಿಯಲ್ಲಿ ಇಪ್ಪತ್ತು ಹೆಂಗಸರು ಕಿಟಕಿಗೆ ಮುಖ ಮಾಡಿ ಕೂತು ಈ ಕೆಲಸ ಮಾಡುತ್ತಿದ್ದರು. ಬಿಸಿಲಿದ್ದರಷ್ಟೇ ಕೆಲಸ, ಮೋಡ ಕವಿದರೆ ಸೂಜಿ ಕೆಳಗೆ. ಆ ಇಪ್ಪತ್ತು ಜನರಲ್ಲಿ ಮೊದಲನೇ ಕಿಟಕಿ ಸೂಜಿಯತ್ತೆಯದು.

ಅವಳಿಗೆ ಈ ವಿದ್ಯೆ ಕಲಿಸಿದ್ದು ಅವಳ ಅತ್ತೆ. ಬಾಯಿ ಸಿಹಿ, ಕೈ ಕಹಿ ಆ ಮುದುಕಿಯದು. ಹೊಲಿಗೆ ಮುಗಿದ ಮೇಲೆ ಕಣ್ಣು ಮುಚ್ಚಿ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಬಟ್ಟೆಯ ಹಿಂಬದಿಯಿಂದ ಮೂರು ಸಲ ಗಟ್ಟಿಯಾಗಿ ಸವರಬೇಕು. ಇದಕ್ಕೆ ಕೊನೆಯ ಸವರು ಅಂತ ಹೆಸರು. ಎಲ್ಲಾದರೂ ಎಳೆಯೊಂದು ಕೂದಲೆಳೆಯಷ್ಟು ಎದ್ದಿದ್ದರೂ ಆ ಮೂರು ಸವರಿನಲ್ಲಿ ಒಳಗೆ ಹೋಗಿ ಕೂತುಬಿಡುತ್ತಿತ್ತು. ಸವರದೆ ಎದ್ದರೆ ಬೆರಳ ಗಂಟಿನ ಮೇಲೆ ಮರದ ಪಟ್ಟಿಯಿಂದ ಏಟು ಬೀಳುತ್ತಿತ್ತು. ಹೊಸ ಸೊಸೆ ಮೂರು ತಿಂಗಳು ಏಟು ತಿಂದಳು. ಆಮೇಲೆ ನಲವತ್ತು ವರ್ಷ ಒಂದು ದಿನವೂ ಸವರದೆ ಏಳಲಿಲ್ಲ. ಅವಳು ರಫು ಮಾಡಿದ ಜಾಗ ಮರುದಿನ ಅವಳಿಗೇ ಸಿಗುತ್ತಿರಲಿಲ್ಲ. ಆ ಕೊಠಡಿಯಲ್ಲಿ ಯಾರನ್ನಾದರೂ ಬಯ್ಯಬೇಕಾದರೆ 'ಎಳೆ ಬಿಟ್ಟವಳು' ಅನ್ನುತ್ತಿದ್ದರು, ಅದಕ್ಕಿಂತ ಕೆಟ್ಟ ಬೈಗುಳ ಅಲ್ಲಿರಲಿಲ್ಲ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಅಲ್ಲಿಗೆ ಬರುತ್ತಿದ್ದದ್ದು ಕಿಡಿಯವರ ನಿಲುವಂಗಿಗಳು. ಬೆಟ್ಟದ ಮೇಲಿನ ಊರಿನಲ್ಲಿ ಕಿಡಿಯವರು, ಕೆಳಗಿನ ಊರಿನಲ್ಲಿ ಬೂದಿಯವರು. ಕಿಡಿಯವರ ಅಂಗೈಯಲ್ಲಿ ಬೆಂಕಿ ಹುಟ್ಟುತ್ತಿತ್ತು. ಎಡಗೈ ಎತ್ತಿ ಬೆರಳು ಬಿಡಿಸಿದರೆ ಸಾಕು, ಇಪ್ಪತ್ತು ಮಾರು ದೂರದಲ್ಲಿ ನಿಂತ ಮನುಷ್ಯ ಉರಿದುಹೋಗುತ್ತಿದ್ದ. ಆದರೆ ಆ ಬೆಂಕಿಗೆ ತನ್ನವರು ಪರರು ಅನ್ನುವ ಭೇದವಿಲ್ಲ, ಹುಟ್ಟಿದ ಕೈಯನ್ನೇ ಮೊದಲು ಸುಡಲು ನೋಡುತ್ತದೆ. ಅದನ್ನು ತಡೆಯುವುದು ಮಂತ್ರ ಹಾಕಿದ ಬೂದು ಬಣ್ಣದ ನಿಲುವಂಗಿ. ಅದರಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಬೆಂಕಿ ಆ ದಾರಿಯಲ್ಲಿ ತಿರುಗಿ ಒಳಗೆ ನುಗ್ಗುತ್ತದೆ. ಸೂಜಿಯತ್ತೆಯ ಅತ್ತೆಯ ಕಾಲದಲ್ಲಿ ಹಾಗೆ ಒಬ್ಬ ಕಾವಲಿನವನು ನಿಂತಲ್ಲೇ ಬೂದಿಯಾಗಿದ್ದನಂತೆ. ರಫು ಮಾಡಿದವಳ ಗತಿ ಏನಾಯಿತು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗೆ ಬೆಂಕಿಯೆಲ್ಲ ಮೇಲಿನವರದು. ಕೆಳಗಿನ ಊರಿಗೆ ದಿನಾ ಬೆಳಗ್ಗೆ ಕೆಂಡದವನು ಕಬ್ಬಿಣದ ಪೆಟ್ಟಿಗೆ ಹೊತ್ತು ಬರುವನು, ಮನೆಗೊಂದು ಕೆಂಡ ಹಾಕುವನು. ಅದರಲ್ಲೇ ಅಡುಗೆ, ಅದರಲ್ಲೇ ಚಳಿ ಕಾಯಿಸಿಕೊಳ್ಳುವುದು. ಆರಿತೋ, ಮರುದಿನದವರೆಗೆ ಕಾಯಬೇಕು. ಪಕ್ಕದ ಮನೆಯಿಂದ ಕೇಳಿ ತರುವ ಹಾಗಿಲ್ಲ, ಕೊಟ್ಟವರಿಗೂ ಶಿಕ್ಷೆ, ಪಡೆದವರಿಗೂ ಶಿಕ್ಷೆ. ತಾವೇ ಬೆಂಕಿ ಹೊತ್ತಿಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಅಂಗೈಯಲ್ಲಿ ಹುಟ್ಟದ ಬೆಂಕಿ ಮನೆಯನ್ನೂ ವಂಶವನ್ನೂ ಸುಡುತ್ತದೆ ಅಂತ ಮಕ್ಕಳಿಗೆ ತೊಟ್ಟಿಲಲ್ಲೇ ಹೇಳಿಕೊಡುತ್ತಿದ್ದರು. ಕಲ್ಲುಗಣಿಯಲ್ಲಿ ಸುತ್ತಿಗೆ ಬಿದ್ದಾಗ ಕಿಡಿ ಹಾರಿದರೆ ಕೆಲಸದವರು ಕಣ್ಣು ಮುಚ್ಚಿಕೊಳ್ಳಬೇಕಿತ್ತು. ದಿನಕ್ಕೆ ಸಾವಿರ ಸಲ ಮುಚ್ಚಿಕೊಳ್ಳುತ್ತಿದ್ದರು, ಪಾಪ.

ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಮಧ್ಯಾಹ್ನ, ಸೂಜಿಯತ್ತೆಯ ಮನೆಯ ಕೆಂಡ ಆರಿತು. ಗಂಡ ಎದೆಯಲ್ಲಿ ಕಫ ಕಟ್ಟಿ ಮಲಗಿದ್ದ. ಗೋಡೆಯಾಚೆ ಪಕ್ಕದವರ ಒಲೆಯ ಮೇಲೆ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಮಗಳು ಹೋಗಿ ಕೇಳುತ್ತೇನೆಂದು ಎದ್ದಳು. ಸೂಜಿಯತ್ತೆ ಬಾಗಿಲಿಗೆ ಅಡ್ಡ ನಿಂತಳು. 'ಯಾರಾದ್ರೂ ನೋಡಿದ್ರೆ ನಿನ್ನ ಕೈ ಸುಡ್ತಾರೆ ಕಣೆ' ಅಂದಳು. ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಗಂಡನ ಮೇಲೆ ಹೊದೆಸಿ ಕಾದಳು. ಮರುದಿನ ಕೆಂಡದವನು ಬಾಗಿಲಿಗೆ ಬಂದಾಗ ಮನೆಯೊಳಗೆ ಇಬ್ಬರೇ ಉಳಿದಿದ್ದರು. ಮಗಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಗಳಿಗೆ ಈಗ ಇಪ್ಪತ್ತಾರು. ಕಲ್ಲುಗಣಿಯಲ್ಲಿ ಗಂಡಸರ ಸಮಕ್ಕೆ ಸುತ್ತಿಗೆ ಎತ್ತುವವಳು. ಅಮ್ಮನ ಹೆದರಿಕೆಯ ಒಂದು ಗುಂಜಿಯೂ ಅವಳಿಗೆ ಬಂದಿರಲಿಲ್ಲ. ಅಪ್ಪ ಹೋದ ಮೇಲೆ ಅವಳು ಕಿಡಿ ಹಾರಿದಾಗ ಕಣ್ಣು ಮುಚ್ಚುವುದನ್ನು ನಿಲ್ಲಿಸಿದಳು. ನೋಡಿದಳು. ಮನೆಯೂ ಸುಡಲಿಲ್ಲ, ವಂಶವೂ ಸುಡಲಿಲ್ಲ.

ಸೂಜಿಯತ್ತೆಗೆ ಇದು ಗೊತ್ತಾದದ್ದು ಲಂಗದ ಅಂಚಿನಿಂದ. ಒಂದು ಸಂಜೆ ಮಗಳು ಅಂಗಳ ದಾಟಿ ಬರುವಾಗ ಲಂಗ ಎಡಗಡೆ ಎರಡು ಬೆರಳಷ್ಟು ಜೋಲುತ್ತಿತ್ತು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಇವಳು ಬಗ್ಗಿ ಅಂಚು ಹಿಡಿದಳು. ಒಳಗೆ ಹೊಲಿದಿಟ್ಟಿದ್ದ ಕಲ್ಲು ಬೆರಳಿಗೆ ಸಿಕ್ಕಿತು. ಚಕಮಕಿ ಕಲ್ಲು.

'ಏನೇ ಇದು?'

'ಗೊತ್ತಲ್ಲ, ಮತ್ಯಾಕೆ ಕೇಳ್ತೀಯ?'

'ಹೊಲಿಗೆ ನೋಡು, ಏನು ಕರ್ಮ. ಇಷ್ಟು ದಪ್ಪ ದಪ್ಪ ಹಾಕಿದ್ರೆ ಕುರುಡರಿಗೂ ಕಾಣುತ್ತೆ' ಎಂದು ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಹೆದರಿಕೆಯಲ್ಲೂ ಮೊದಲು ಬಾಯಿಗೆ ಬಂದದ್ದು ಹೊಲಿಗೆಯ ಮಾತೇ.

ಮಗಳು ಬಾಗಿಲು ಹಾಕಿ ಬಂದು ಎದುರಿಗೆ ಕೂತಳು. ಎಲ್ಲ ಹೇಳಿದಳು. ಗಣಿಯ ಇನ್ನೂರು ಜನ, ಅಗಸರ ಬೀದಿ, ಗಾಡಿ ಹೊಡೆಯುವವರು, ಎಲ್ಲರ ಮನೆಯಲ್ಲೂ ಈಗ ಕಲ್ಲಿದೆ. ಇನ್ನು ಐದನೇ ದಿನ ಬೆಳಗ್ಗೆ, ಕೆಂಡದವನು ಬರುವ ಹೊತ್ತಿಗೆ ಯಾರೂ ಬಾಗಿಲು ತೆರೆಯುವುದಿಲ್ಲ. ತಾವೇ ಹೊತ್ತಿಸಿದ ಬೆಂಕಿಯನ್ನು ಮಡಕೆಯಲ್ಲಿಟ್ಟುಕೊಂಡು ಮೇಲಿನ ಊರಿನ ಬಾಗಿಲಿಗೆ ನಡೆದು ಹೋಗುತ್ತಾರೆ. ಮೆಟ್ಟಿಲ ಮೇಲೆ ಮಡಕೆ ಇಟ್ಟು, ಇನ್ನು ನಿಮ್ಮ ಕೆಂಡ ಬೇಡ ಅನ್ನುತ್ತಾರೆ.

'ಮುಂದೆ ಯಾರಿರ್ತಾರೆ?' ಎಂದು ಕೇಳಿದಳು ಸೂಜಿಯತ್ತೆ. ಉತ್ತರ ಅವಳಿಗೆ ಗೊತ್ತಿತ್ತು.

'ನಾನು.'

'ಸುಟ್ಟುಹಾಕ್ತಾರೆ.'

'ಅದಕ್ಕೇ ನಿನ್ನ ಹತ್ರ ಒಂದು ಮಾತು ಕೇಳ್ಬೇಕು ಅಂತಿದ್ದೆ' ಎಂದು ಮಗಳು ತಲೆ ತಗ್ಗಿಸಿದಳು. 'ಕಿಡಿಯವರ ದಳಪತಿ ನಿಲುವಂಗಿ ತೋಳು ಹರಿದಿದೆಯಂತೆ. ನಿನ್ನ ಮೇಜಿಗೇ ಬರುತ್ತೆ. ಬಾಗಿಲ ಹತ್ರ ಮೊದಲು ಬೆಂಕಿ ಬಿಡೋನು ಅವನು. ಅವನು ಬಿಡೋವರೆಗೂ ಉಳಿದವರು ಕೈ ಎತ್ತೋ ಹಾಗಿಲ್ಲ. ಒಂದು ಎಳೆ ಬಿಡಮ್ಮ. ಒಂದೇ ಒಂದು.'

ಸೂಜಿಯತ್ತೆ ಆಗುವುದಿಲ್ಲ ಅಂದಳು. ಅತ್ತಳು, ಬೈದಳು, ಗಂಡನ ಹೆಸರು ಎತ್ತಿದಳು, ಲಂಗದ ಅಂಚು ಬಿಚ್ಚಿ ಕಲ್ಲನ್ನು ಬಾವಿಗೆ ಹಾಕುತ್ತೇನೆ ಅಂದಳು. ಮಗಳು ಎಲ್ಲವನ್ನೂ ಕೇಳಿಸಿಕೊಂಡು, 'ನೀನು ಬಿಟ್ರೂ ಹೋಗ್ತೀನಿ, ಬಿಡದಿದ್ರೂ ಹೋಗ್ತೀನಿ. ಬಿಟ್ರೆ ವಾಪಸು ಬರ್ತೀನಿ, ಅಷ್ಟೇ' ಅಂದಳು. ಆಮೇಲೆ ಎದ್ದು ಪಾತ್ರೆ ತೊಳೆಯಲು ಹೋದಳು. ಇಂಥ ಮಾತಾಡಿ ಪಾತ್ರೆ ತೊಳೆಯಲು ಹೋಗುವ ಮಗಳನ್ನು ಏನು ಮಾಡುವುದು, ನೀವೇ ಹೇಳಿ.

ನಿಲುವಂಗಿ ಬಂದದ್ದು ನಾಲ್ಕನೇ ದಿನ. ಅಂದರೆ ಮೆರವಣಿಗೆಯ ಹಿಂದಿನ ದಿನವೇ. ಎಡತೋಳಿನಲ್ಲಿ, ಮೊಣಕೈಯ ಕೆಳಗೆ, ಅಡ್ಡಡ್ಡಕ್ಕೆ ನಾಲ್ಕು ಬೆರಳು ಹರಿದಿತ್ತು. ಸೂಜಿಯತ್ತೆ ಅಂಚಿನ ಮಡಿಕೆ ಬಿಚ್ಚಿದಳು, ಎಳೆ ಹಿರಿದಳು, ಕಿಟಕಿಗೆ ತಿರುಗಿ ಸೂಜಿಗೆ ಏರಿಸಿದಳು. ಮೂರು ಸಲ ತಪ್ಪಿತು.

'ಏನತ್ತೆ, ಇವತ್ತು ಸೂಜಿ ನಿನ್ ಮೇಲೆ ಮುನಿಸ್ಕೊಂಡಿದೆಯಾ?' ಎಂದಳು ಪಕ್ಕದ ಕಿಟಕಿಯ ಕನ್ನಡಕದವಳು. ಅವಳ ಕನ್ನಡಕಕ್ಕೆ ಒಂದೇ ಗಾಜು. ಆದರೂ ಕೊಠಡಿಯಲ್ಲಿ ನಡೆಯುವುದೆಲ್ಲ ಅವಳಿಗೆ ಕಾಣುತ್ತಿತ್ತು.

'ಕಣ್ಣು ಮಂಜಾಗ್ತಿದೆ' ಅಂದಳು ಸೂಜಿಯತ್ತೆ.

'ನಿನ್ ಕಣ್ಣು ಮಂಜಾದ್ರೆ ಮೇಲಿನೋರು ಬೆತ್ತಲೆ ಓಡಾಡ್ಬೇಕಾಗುತ್ತೆ ಬಿಡು' ಎಂದು ಕನ್ನಡಕದವಳು ತನ್ನ ಮಾತಿಗೆ ತಾನೇ ನಕ್ಕಳು. ಸೂಜಿಯತ್ತೆಗೂ ನಗಬೇಕಾಯಿತು. ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು.

ಬಿಡುತ್ತೇನೆ ಅಂತ ಆ ರಾತ್ರಿಯೇ ಮಗಳಿಗೆ ಮಾತು ಕೊಟ್ಟಿದ್ದಳು, ಹೇಗೆ ಬಿಡಬೇಕು ಅನ್ನುವುದನ್ನು ನಾಲ್ಕು ದಿನ ಯೋಚಿಸಿದ್ದಳು. ಸುಮ್ಮನೆ ತೂತು ಬಿಟ್ಟರೆ ನೀರಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು. ರಫು ಮುಗಿದ ಪ್ರತಿ ನಿಲುವಂಗಿಯ ಮೇಲೂ ನೀರು ಸುರಿದು, ಒಂದು ಹನಿಯಾದರೂ ಕೆಳಗಿಳಿಯುತ್ತದೆಯೇ ಎಂದು ನೋಡಲು ಒಬ್ಬ ಅಧಿಕಾರಿ ಇದ್ದ. ಹೆಂಗಸರು ಅವನನ್ನು ನೀರಿನ ಸಾಹೇಬ ಅನ್ನುತ್ತಿದ್ದರು. ಆದರೆ ನೀರು ಕುಡಿದ ನೂಲು ಉಬ್ಬುತ್ತದೆ, ಅಕ್ಕಪಕ್ಕದ ಎಳೆಗಳು ಒತ್ತಿಕೊಂಡು ಸಂದು ಮುಚ್ಚುತ್ತವೆ. ಹಾಗಾಗಿ ಒಂದು ಎಳೆಯನ್ನು ಬಿಗಿಯದೆ, ಹಿಂಬದಿಯಲ್ಲಿ ಉಗುರಿನಷ್ಟು ಕುಣಿಕೆ ಬಿಟ್ಟರೆ, ನೀರಿಗೆ ಅದು ಸಿಗುವುದಿಲ್ಲ. ಒಣಗಿದ ಮೇಲೆ, ತೊಟ್ಟವನು ಕೈ ಎತ್ತಿದಾಗ, ತೋಳು ಎಳೆದು ಎಳೆ ಜಾರಿಹೋಗುತ್ತದೆ. ನಲವತ್ತು ವರ್ಷ ಎಳೆ ಬಿಡದವಳಿಗೆ ಎಳೆ ಹೇಗೆ ಬಿಡಬೇಕೆಂದು ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ.

ಮಧ್ಯಾಹ್ನದ ಹೊತ್ತಿಗೆ ಮೂರು ಬೆರಳು ಮುಚ್ಚಿತ್ತು. ಕೊನೆಯ ಬೆರಳಿನಲ್ಲಿ, ನಟ್ಟನಡುವೆ, ಅವಳು ಆ ಎಳೆಯನ್ನು ಬಿಗಿಯದೆ ಬಿಟ್ಟಳು. ಹಿಂಬದಿಯಲ್ಲಿ ಕುಣಿಕೆ ಎದ್ದು ನಿಂತಿತು. ಅದನ್ನು ನೋಡಲಾಗದೆ ಅವಳು ಮುಖ ತಿರುಗಿಸಿದಳು. ದಳಪತಿ ಸಾಯುತ್ತಾನೆ ಅನ್ನುವುದಕ್ಕಲ್ಲ, ಅದನ್ನು ಅವಳು ಇನ್ನೂ ಯೋಚಿಸಿಯೇ ಇರಲಿಲ್ಲ. ಎಳೆ ಬಿಟ್ಟೆನಲ್ಲ ಅಂತ. ಉಳಿದ ಎಳೆಗಳನ್ನು ಮುಗಿಸಿ ಸೂಜಿ ಕೆಳಗಿಟ್ಟಳು.

'ಮುಗೀತಾ?'

ನೀರಿನ ಸಾಹೇಬ ಹೆಗಲ ಹಿಂದೆಯೇ ನಿಂತಿದ್ದ. ಯಾವಾಗ ಬಂದನೋ ದೇವರಿಗೇ ಗೊತ್ತು. ಸೂಜಿಯತ್ತೆಗೆ ಕಣ್ಣು ಕತ್ತಲಾಯಿತು. 'ಆಯ್ತು ಸಾಹೇಬ್ರೇ, ಆಯ್ತು' ಎಂದು ಏನೇನೋ ತೊದಲಿದಳು. ಬೆನ್ನಿನ ಮೇಲೆ ಬೆವರು ಇಳಿಯುವುದು ಅವಳಿಗೇ ತಿಳಿಯುತ್ತಿತ್ತು. ಅವನು ಬಟ್ಟೆ ಎತ್ತಿಕೊಂಡು ಹೋದ. ಚೌಕಟ್ಟಿಗೆ ಬಿಗಿದು ಚೊಂಬಿನಿಂದ ನೀರು ಸುರಿದ. ಬಗ್ಗಿ ಕೆಳಗಿನಿಂದ ನೋಡಿದ. ಒಂದು ಹನಿಯೂ ಇಳಿಯಲಿಲ್ಲ. ಸಾಹೇಬ ನೀರು ಕೊಡವಿ ನಿಲುವಂಗಿಯನ್ನು ತಂದು ಅವಳ ಮುಂದೆ ಹಾಕಿ, 'ಮಡಿಸಿ ಕೊಡು, ಈಗ್ಲೇ ಕಳಿಸ್ಬೇಕು' ಅಂದ.

ಬದುಕಿದೆ ಅಂದುಕೊಂಡಳು. ಮಡಿಸುತ್ತಾ ಹೆಬ್ಬೆರಳು ಹಿಂಬದಿಗೆ ಹೋಯಿತು, ಕುಣಿಕೆಯನ್ನು ಒಮ್ಮೆ ಮುಟ್ಟಿ ನೋಡಲು. ಬೆರಳಿಗೆ ಏನೂ ತಗಲಲಿಲ್ಲ. ಮತ್ತೆ ಸವರಿದಳು. ನುಣುಪು. ತೋಳನ್ನು ಪೂರ್ತಿ ತಿರುವಿ ಕಿಟಕಿಗೆ ಹಿಡಿದಳು. ಕುಣಿಕೆ ಇರಲಿ, ಹರಿದಿದ್ದ ಜಾಗವೇ ಅವಳಿಗೆ ಸಿಗಲಿಲ್ಲ.

ಆಗ ಬಾಯಲ್ಲಿ ನೂಲಿನ ರುಚಿ ಇರುವುದು ಅವಳ ಗಮನಕ್ಕೆ ಬಂತು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದ್ದಳು. ಸಾಹೇಬ ಹಿಂದೆ ನಿಂತು ಮುಗೀತಾ ಅಂದಾಗ, ಕಣ್ಣು ಕತ್ತಲಾದಾಗ, ಬಾಯಿ ಏನೇನೋ ತೊದಲುತ್ತಿದ್ದಾಗ, ಕೈ ತನ್ನ ಪಾಡಿಗೆ ಮೂರು ಸಲ ಸವರಿತ್ತು. ಅತ್ತೆಯ ಪಟ್ಟಿಯೇಟು ತಿಂದ ಕೈ ಅದು. ಹೆದರಿದಾಗ ಅದಕ್ಕೆ ಗೊತ್ತಿದ್ದದ್ದು ಅದೊಂದೇ ಕೆಲಸ.

'ಸಾಹೇಬ್ರೇ, ಇನ್ನೊಂದು ಗಳಿಗೆ ಕೊಡಿ. ಒಂದು ಎಳೆ ಸರಿಯಿಲ್ಲ ಅನ್ಸುತ್ತೆ.'

'ನೀರು ನಿಂತಿದೆಯಲ್ಲಮ್ಮ, ಇನ್ನೇನು? ನಿನ್ ಚಾಳಿ ಗೊತ್ತಿಲ್ವಾ, ಬೀಗ ಹಾಕಿ ಹತ್ತು ಸಲ ಎಳೆದು ನೋಡೋಳು ನೀನು' ಎಂದು ಅವನು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡ. ಉಳಿದ ಹೆಂಗಸರೆಲ್ಲ ನಕ್ಕರು. ಕಟ್ಟು ಕಟ್ಟಿ, ಮುದ್ರೆ ಹಾಕಿ, ಗಾಡಿಯಲ್ಲಿಟ್ಟರು. ಗಾಡಿ ಬೆಟ್ಟದ ರಸ್ತೆ ಹಿಡಿಯಿತು.

ಮಗಳಿಗೆ ಹೇಳಬೇಕು. ಬೇರೆ ಏನೂ ಅವಳ ತಲೆಯಲ್ಲಿ ಉಳಿಯಲಿಲ್ಲ. ಕೊಠಡಿ ಬಿಟ್ಟವಳೇ ಸೀದಾ ಗಣಿಗೆ ಓಡಿದಳು. ಗಣಿಯ ಗೇಟು ಹಾಕಿತ್ತು. ಮಗಳು ಮಧ್ಯಾಹ್ನವೇ ಹೋದಳು ಅಂದರು. ಎಲ್ಲಿಗೆ ಅಂದರೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರೂ ಹೇಳುವುದಿಲ್ಲ, ಮರುದಿನದವರೆಗೆ ಬಾಯಿಗೆ ಬೀಗ ಹಾಕಿಕೊಳ್ಳಿ ಅಂತ ಮಗಳೇ ಅವರಿಗೆ ಹೇಳಿದ್ದಳಲ್ಲ. ಅಗಸರ ಬೀದಿಗೆ ಹೋದಳು, ಗಾಡಿಯವರ ಕೊಟ್ಟಿಗೆಗೆ ಹೋದಳು. 'ನನ್ನ ಮಗಳನ್ನ ನೋಡಿದ್ರಾ' ಎಂದು ಕೇಳಬಹುದಿತ್ತು, ಯಾಕೆ ಎಂದು ಅವರು ಕೇಳಿದರೆ ಹೇಳುವ ಹಾಗಿರಲಿಲ್ಲ. ಎಲ್ಲರೂ 'ಮನೆಗೆ ಹೋಗು ಅತ್ತೆ, ಬರ್ತಾಳೆ' ಅಂದರು. ಮನೆಗೆ ಹೋದಳು. ಮಗಳು ಬರಲಿಲ್ಲ. ಸೂಜಿಯತ್ತೆ ಹೊಸ್ತಿಲ ಮೇಲೆಯೇ ಕೂತು ಬೆಳಗು ಮಾಡಿದಳು.

ಬೆಳಗ್ಗೆ ಕೆಂಡದವನು ಬೀದಿಗೆ ಬಂದ. ಒಂದು ಬಾಗಿಲೂ ತೆರೆಯಲಿಲ್ಲ. ಅವನು ಎರಡು ಸಲ ಕೂಗಿದ, ಮೂರನೇ ಸಲ ಕೂಗಲು ಬಾಯಿ ತೆರೆದವನು ತಲೆ ಎತ್ತಿ ನೋಡಿ ಹಾಗೇ ನಿಂತ. ಹೊಗೆಗೂಡುಗಳಿಂದ ಆಗಲೇ ಹೊಗೆ ಏಳುತ್ತಿತ್ತು. ಆಮೇಲೆ ಬಾಗಿಲುಗಳು ತೆರೆದವು, ಜನ ಮಡಕೆ ಹಿಡಿದು ಹೊರಗೆ ಬಂದರು. ಸೂಜಿಯತ್ತೆ ಪ್ರತಿ ಮುಖವನ್ನೂ ನೋಡುತ್ತ, ತಳ್ಳುತ್ತ, ತಳ್ಳಿಸಿಕೊಳ್ಳುತ್ತ ಮುಂದೆ ಹೋದಳು. ಬೆಟ್ಟದ ಮೆಟ್ಟಿಲು ಇನ್ನೂರ ನಲವತ್ತು. ಅವಳ ಮಂಡಿಗೆ ನಲವತ್ತೇ ಹೆಚ್ಚು. ಏದುಸಿರು ಬಿಡುತ್ತ, ಸಿಕ್ಕಿದವರ ಹೆಗಲು ಹಿಡಿದು ಹತ್ತಿದಳು.

ಕೊನೆಯ ತಿರುವಿನಲ್ಲಿ ಮಗಳು ಕಂಡಳು. ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ, ಮಡಕೆಯನ್ನು ಎದೆಗೆ ಹಿಡಿದು ನಡೆಯುತ್ತಿದ್ದಳು. ಅವಸರವಿಲ್ಲ. ಬೆನ್ನು ನೆಟ್ಟಗಿತ್ತು. ಎದುರಿಗೆ, ಬಾಗಿಲ ಮುಂದೆ, ಮೂವತ್ತು ಬೂದು ನಿಲುವಂಗಿಗಳು ಸಾಲಾಗಿ ನಿಂತಿದ್ದವು, ನಡುವೆ ದಳಪತಿ. ಅವನನ್ನು ನೋಡಿಯೂ ಮಗಳ ಹೆಜ್ಜೆ ನಿಧಾನವಾಗಲಿಲ್ಲ. ಅಮ್ಮ ಎಳೆ ಬಿಟ್ಟಿದ್ದಾಳೆ ಅಂತ ನಂಬಿ ನಡೆಯುತ್ತಿದ್ದಾಳೆ. ಅದು ಸೂಜಿಯತ್ತೆಗೆ ಅರ್ಥವಾಯಿತು.

ಕೂಗಿದಳು. ಅಷ್ಟು ಜನರ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು. ದಳಪತಿ ಒಂದು ಹೆಜ್ಜೆ ಮುಂದೆ ಬಂದು, 'ಇನ್ನೊಂದು ಹೆಜ್ಜೆ ಇಟ್ಟರೆ ಬೂದಿ ಮಾಡ್ತೀನಿ' ಅಂದ. ಮಗಳು ಇನ್ನೊಂದು ಹೆಜ್ಜೆ ಇಟ್ಟಳು. ಅವನ ಎಡಗೈ ಮೇಲಕ್ಕೆ ಹೋಗತೊಡಗಿತು.

ಆಮೇಲೆ ನಡೆದದ್ದನ್ನು ಜನ ಬೇರೆ ಬೇರೆ ಥರ ಹೇಳುತ್ತಾರೆ. ಸೂಜಿಯತ್ತೆ ಹಾರಿದಳು ಅನ್ನುವವರಿದ್ದಾರೆ. ಆ ಮಂಡಿಯಲ್ಲಿ ಹಾರುವುದು ಎಲ್ಲಿಂದ ಬಂತು. ಅವಳು ನಡೆದೇ ಹೋದಳು. ಮಗಳನ್ನು ದಾಟಿ, ದಳಪತಿಯ ಮುಂದೆ, ಕೈಗೆಟುಕುವಷ್ಟು ಹತ್ತಿರ ಹೋಗಿ ಅವನ ತೋಳು ಹಿಡಿದಳು. ಬಟ್ಟೆ ನೋಡುವವರು ಹಿಡಿಯುವ ಹಾಗೆ, ಎರಡು ಬೆರಳಿನಲ್ಲಿ.

'ಸ್ವಾಮಿ, ಕೈ ಎತ್ತಬೇಡಿ. ಎಳೆ ಬಿಟ್ಟಿದ್ದೀನಿ.'

ದಳಪತಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. 'ಯಾರು ನೀನು?'

'ರಫು ಮಾಡೋಳು ಸ್ವಾಮಿ. ಮೊದಲನೇ ಕಿಟಕಿ. ಈ ತೋಳು ನಿನ್ನೆ ನಾನೇ ಮಾಡಿದ್ದು.'

ಅವನ ಕೈ ಅರ್ಧದಲ್ಲೇ ನಿಂತಿತು. ಮುಖದ ಬಣ್ಣ ಇಳಿಯಿತು. ಆದರೂ ದಳಪತಿಯಲ್ಲವೇ, 'ನೀರಿನ ಪರೀಕ್ಷೆ ಆಗಿದೆ' ಅಂದ.

'ನೀರು ಬಿದ್ರೆ ನೂಲು ಉಬ್ಬುತ್ತೆ ಸ್ವಾಮಿ, ಸಂದು ಮುಚ್ಚಿಕೊಳ್ಳುತ್ತೆ. ಒಣಗಿದ ಮೇಲೆ ಸಡಿಲ. ಕೈ ಎತ್ತಿ ತೋಳು ಎಳೆದಾಗ ಜಾರಿಹೋಗೋ ಹಾಗೆ ಬಿಟ್ಟಿದ್ದೀನಿ.' ಅವಳ ದನಿ ನಡುಗುತ್ತಿತ್ತು, ಮೈ ಪೂರ್ತಿ ನಡುಗುತ್ತಿತ್ತು. ಸುಳ್ಳು ಹೇಳುವ ನಡುಕವೋ ಸತ್ಯ ಹೇಳುವ ನಡುಕವೋ, ನೋಡಿದವರಿಗೆ ತಿಳಿಯುವಂತಿರಲಿಲ್ಲ.

ನೀರಿನ ಸಾಹೇಬನನ್ನು ಕರೆಸಿದರು. ಅವನು ತೋಳನ್ನು ಬಿಸಿಲಿಗೆ ಹಿಡಿದ, ತಿರುವಿದ, ಮೂಗಿನ ಹತ್ತಿರ ತಂದ, ಮತ್ತೆ ತಿರುವಿದ. ಅವನ ಹಣೆಯಲ್ಲಿ ಬೆವರೊಡೆಯಿತು.

'ಎಲ್ಲಿದೆ?' ಅಂದ ದಳಪತಿ.

'ರಫು ಮಾಡಿದ ಜಾಗವೇ ಸಿಗ್ತಿಲ್ಲ ಸ್ವಾಮಿ. ಈಯಮ್ಮ ಮಾಡಿದ್ದು ಯಾವತ್ತೂ ಯಾರಿಗೂ ಸಿಗಲ್ಲ.' ಅಷ್ಟು ಹೇಳಿ ಸಾಹೇಬ ಸುಮ್ಮನಿರಬಹುದಿತ್ತು. ಹೆದರಿದವನ ಬಾಯಿ ಎಲ್ಲಿ ನಿಲ್ಲುತ್ತದೆ. 'ನಿನ್ನೆ ಮಡಿಸೋವಾಗ ಒಂದು ಎಳೆ ಸರಿಯಿಲ್ಲ ಅಂದಿದ್ದಳು. ನಾನೇ ಕೇಳಲಿಲ್ಲ' ಅಂದುಬಿಟ್ಟ.

ದಳಪತಿ ಪಕ್ಕದವನ ಕಡೆ ತಿರುಗಿ, 'ನೀನು ಬಿಡು' ಎಂದು ಅಪ್ಪಣೆ ಕೊಟ್ಟ.

ಆ ಪಕ್ಕದವನು ಎಳೆ ಪ್ರಾಯದವನು. ಅವನು ಮೊದಲು ತನ್ನ ತೋಳನ್ನು ನೋಡಿಕೊಂಡ, ಆಮೇಲೆ ಸೂಜಿಯತ್ತೆಯನ್ನು ನೋಡಿದ. 'ಅಜ್ಜಿ, ನಂದು?' ಎಂದು ಮೆತ್ತಗೆ ಕೇಳಿದ.

ಅವನ ನಿಲುವಂಗಿ ಅವಳು ಕಂಡದ್ದೇ ಇಲ್ಲ. 'ನಲವತ್ತು ವರ್ಷದಿಂದ ಎಲ್ಲರದ್ದೂ ನಮ್ಮ ಕೊಠಡಿಗೇ ಬಂದಿದೆಯಪ್ಪ' ಅಂದಳು. ಅದು ಸುಳ್ಳಲ್ಲ. ಅವನ ಕೈ ಪಕ್ಕಕ್ಕೆ ಅಂಟಿಕೊಂಡಿತು. ಸಾಲಿನ ತುದಿಯವರೆಗೂ ಒಬ್ಬೊಬ್ಬರೇ ತಮ್ಮ ತಮ್ಮ ತೋಳು ನೋಡಿಕೊಳ್ಳತೊಡಗಿದರು. ಅವರ ಹತ್ತಿರ ಕತ್ತಿಯಿಲ್ಲ, ದೊಣ್ಣೆಯಿಲ್ಲ. ಬೆಂಕಿ ಇದ್ದವರಿಗೆ ಅದೆಲ್ಲ ಯಾವತ್ತೂ ಬೇಕಾಗಿರಲಿಲ್ಲ. ಮಗಳು ಅವರ ಮುಂದೆಯೇ ಹತ್ತಿ ಹೋಗಿ ಮೇಲಿನ ಮೆಟ್ಟಿಲ ಮೇಲೆ ಮಡಕೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಮಧ್ಯಾಹ್ನದವರೆಗೂ ಇಡುತ್ತಲೇ ಇದ್ದರು.

ಸೂಜಿಯತ್ತೆಯನ್ನು ಒಳಗೆ ಕರೆದೊಯ್ದರು. ಎಳೆ ಎಲ್ಲಿದೆ ತೋರಿಸುವವರೆಗೆ ಬಿಡುವುದಿಲ್ಲ ಅಂದರು. ಮೇಲಿನ ಊರಿನ ಗೋಡೆಗೆ ಅಂಟಿದ ಒಂದು ಕೋಣೆ, ಒಂದು ಮಂಚ, ಸರಳಿನ ಕಿಟಕಿ. ಬೆಳಕು ಚೆನ್ನಾಗಿತ್ತು. ಕಿಟಕಿಯಿಂದ ಕೆಳಗಿನ ಊರಿನ ಹೊಗೆಗೂಡುಗಳು ಕಾಣುತ್ತಿದ್ದವು. ಅವಳು ಬೆಳಗಾದರೆ ತನ್ನ ಮನೆಯದನ್ನು ಹುಡುಕುವಳು, ಹೊಗೆ ಏಳುವವರೆಗೂ ನೀರು ಸಹ ಕುಡಿಯುತ್ತಿರಲಿಲ್ಲ.

ಹನ್ನೊಂದನೇ ದಿನ ಮಗಳಿಗೆ ನೋಡಲು ಬಿಟ್ಟರು. ಅಷ್ಟು ಹೊತ್ತಿಗೆ ಮೇಲಿನವರು ಕೆಳಗಿನವರನ್ನು ಮಾತುಕತೆಗೆ ಕರೆದಿದ್ದರು, ಕೂರಲು ಚಾಪೆಯನ್ನೂ ಹಾಕಿದ್ದರಂತೆ. ಮಗಳು ಸರಳಿನ ಆಚೆ ನಿಂತು ಅದನ್ನೆಲ್ಲ ಹೇಳಿದಳು. ಅಮ್ಮ ಒಂದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮಗಳ ಕೈ, ಮುಖ, ಕೂದಲು, ಎಲ್ಲ ಇದ್ದ ಹಾಗೇ ಇದೆಯೇ ಎಂದು ನೋಡುತ್ತಿದ್ದಳು.

'ಯಾಕಮ್ಮ ಹಾಗೆ ಅಡ್ಡ ಬಂದೆ?' ಎಂದಳು ಮಗಳು. 'ನೀನು ಸುಮ್ನಿದ್ದಿದ್ರೆ ಅವನೇ ಉರಿದುಹೋಗ್ತಿದ್ದ. ನಿನಗೆ ಈ ಕೋಣೆ ತಪ್ತಿತ್ತು.'

ಸೂಜಿಯತ್ತೆ ಸುತ್ತ ನೋಡಿ, ಸರಳಿಗೆ ಮುಖ ಒತ್ತಿ, ಪಿಸುದನಿಯಲ್ಲಿ ಹೇಳಿದಳು. 'ಸಡಿಲ ಎಳೆ ಇರಲಿಲ್ಲ ಕಣೆ. ಬಿಟ್ಟಿದ್ದೆ. ಆದ್ರೆ ಸಾಹೇಬ ಬಂದು ನಿಂತ, ಹೆದರಿ ಸವರಿಬಿಟ್ಟೆ. ಒಳಗೆ ಹೋಗಿ ಕೂತುಬಿಡ್ತು. ಆ ನಿಲುವಂಗಿಯಲ್ಲಿ ಏನೂ ತಪ್ಪಿಲ್ಲ.'

ಮಗಳು ಸರಳು ಹಿಡಿದುಕೊಂಡಳು. ಯಾವುದಕ್ಕೂ ಬೆದರದ ಆ ಹುಡುಗಿ ಅಲ್ಲೇ ನೆಲಕ್ಕೆ ಕೂತಳು. ಇಪ್ಪತ್ತು ಮಾರು, ಅವನ ಎತ್ತಿದ ಕೈ, ತಾನು ಮುಂದಿಟ್ಟ ಆ ಒಂದು ಹೆಜ್ಜೆ, ಎಲ್ಲ ಅವಳ ಕಣ್ಣ ಮುಂದೆ ಬಂತು. ಹುಟ್ಟಿದಾಗಿನಿಂದ ಅವಳ ಮುಖದಲ್ಲಿ ಅಮ್ಮ ಕಂಡಿರದ ಹೆದರಿಕೆ ಆಗ ಕಂಡಿತು. ಸೂಜಿಯತ್ತೆ ಸರಳಿನ ಸಂದಿನಿಂದ ಕೈ ತೂರಿಸಿ ಅವಳ ತಲೆ ಮುಟ್ಟಿದಳು.

ಮಗಳು ತಲೆ ಎತ್ತಿ, 'ಅಮ್ಮ, ಇದನ್ನ ಯಾರ ಹತ್ರನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ಎಲ್ಲ ಮುಗೀತು' ಅಂದಳು.

ಸೂಜಿಯತ್ತೆಯ ಕಣ್ಣಲ್ಲಿ ನೀರು ಬಂತು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು.

'ಹೇಳಿಬಿಟ್ಟೆ ಕಣೆ' ಅಂದಳು. 'ಮೊದಲನೇ ದಿನವೇ, ಗದರಿಸಿದ ತಕ್ಷಣ ಹೆದರಿ ಹೇಳಿಬಿಟ್ಟೆ. ಸುಳ್ಳು ಹೇಳಿದ್ದು ಸ್ವಾಮಿ, ಎಳೆ ಬಿಟ್ಟಿಲ್ಲ, ಎಲ್ಲ ಸರಿಯಾಗಿದೆ ಅಂತ. ದಿನಾ ಬೆಳಗ್ಗೆ ನಿಲುವಂಗಿ ತರ್ತಾರೆ, ದಿನಾ ಹೇಳ್ತೀನಿ. ಹಾಗಾದ್ರೆ ತೊಟ್ಕೊಂಡು ಬೆಂಕಿ ಬಿಟ್ಟು ನೋಡೋಣ ಅಂತ ಒಬ್ಬರ ಮುಖ ಒಬ್ಬರು ನೋಡ್ತಾರೆ. ಆಮೇಲೆ ಮಡಿಸ್ಕೊಂಡು ಹೋಗ್ತಾರೆ.'